ಹತ್ತು ವರ್ಷ ಕಾದ ಉತ್ತರ

2000ನೆಯ ಇಸವಿಯ ಮಾರ್ಚ್ ತಿಂಗಳು. ಅಮೆರಿಕದ ಹೆಸರಾಂತ ಸಂದರ್ಶಕಿ ಬಾರ್ಬರಾ ವಾಲ್ಟರ್ಸ್ ಇಪ್ಪತ್ತೆಂಟು ವರ್ಷದ ತರುಣ ಗಾಯಕನೊಬ್ಬನಿಗೆ ನೇರವಾಗಿಯೇ ಒಂದು ಪ್ರಶ್ನೆ ಹಾಕಿದರು. ಆತನು ಸಲಿಂಗಾನುರಾಗಿಯೆಂಬ ವದಂತಿ ಎಲ್ಲೆಡೆ ಹಬ್ಬಿತ್ತು. ಹೌದೆಂದೋ ಅಲ್ಲವೆಂದೋ ಒಂದು ಮಾತು ಹೇಳಿ ಅದನ್ನು ಕೊನೆಗಾಣಿಸಬಹುದಲ್ಲವೇ, ಎಂಬುದು ಆಕೆಯ ಸೂಚನೆ. ಏಕೋ ಹೇಳಲು ಮನಸ್ಸಾಗುತ್ತಿಲ್ಲವೆಂದು ತರುಣನು ನುಡಿದನು. ದೇಶವೇ ನೋಡುತ್ತಿದ್ದ ದೂರದರ್ಶನದ ತೆರೆಯ ಮೇಲೆ ಆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಆ ತರುಣನೇ ರಿಕಿ ಮಾರ್ಟಿನ್. ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನಿನಲ್ಲಿ 1971ರ ಡಿಸೆಂಬರ್ 24ರಂದು ಜನಿಸಿದ ಆತನ ಮೂಲ ಹೆಸರು ಎನ್ರಿಕೆ ಮಾರ್ಟಿನ್ ಮೊರಾಲೆಸ್. ಮಗುವಿಗೆ ಎರಡು ವರ್ಷವಾಗಿದ್ದಾಗಲೇ ತಂದೆತಾಯಿಗಳು ಬೇರೆಯಾದರು. 1984ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ‘ಮೆನುಡೊ’ ಎಂಬ ಬಾಲಗಾಯಕರ ತಂಡವನ್ನು ಸೇರಿದ ಹುಡುಗನ ಎಳೆತನವೆಲ್ಲ ರಂಗಸ್ಥಳದ ದೀಪಗಳ ಕೆಳಗೇ ಕಳೆಯಿತು. 1999ರ ಗ್ರ್ಯಾಮಿ ಪ್ರಶಸ್ತಿ ಸಮಾರಂಭದಲ್ಲಿ ಆತನು ಹಾಡಿ ಕುಣಿದಾಗ ನೆರೆದ ಕಲಾವಿದರ ಸಭೆ ಎದ್ದು ನಿಂತು ಕರತಾಡನ ಮಾಡಿತು. ಅದೇ ವರ್ಷ ಆತನ ‘ಲಿವಿನ್ ಲಾ ವಿಡಾ ಲೋಕಾ’ ಎಂಬ ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಐದು ವಾರ ಮೊದಲನೆಯ ಸ್ಥಾನದಲ್ಲಿತ್ತು.

ಕೀರ್ತಿ ಬೆಳೆದಂತೆ ಗುಟ್ಟಿನ ಭಾರವೂ ಬೆಳೆಯಿತು. ತರುಣಿಯರ ಕನಸಿನ ನಾಯಕನೆಂದು ಜಗತ್ತು ಕಂಡ ವ್ಯಕ್ತಿ ಪುರುಷನನ್ನು ಪ್ರೀತಿಸುವವನೆಂದು ತಿಳಿದರೆ ವರ್ಷಗಳ ದುಡಿಮೆಯೆಲ್ಲ ಕುಸಿದೀತೆಂದು ಹಿತೈಷಿಗಳು ಎಚ್ಚರಿಸಿದರು. ಹೀಗೆ ಹೇಳಿದವರು ಹಗೆಗಳಾಗಿದ್ದರೆ ಮೀರಿ ನಡೆಯುವುದು ಸುಲಭವಾಗುತ್ತಿತ್ತು. ಆದರೆ ಅವರೆಲ್ಲ ಆತನನ್ನು ಮನಸಾರೆ ಪ್ರೀತಿಸುವವರೇ ಆಗಿದ್ದರು. ಆತನು ಮೌನವನ್ನೇ ಆಯ್ದುಕೊಂಡನು.

ಆ ಮೌನದ ವರ್ಷಗಳಲ್ಲಿ ಭಾರತಕ್ಕೆ ಬಂದಿದ್ದ ರಿಕಿ, ಕಲ್ಕತ್ತೆಯ ಬೀದಿಯ ಎಳೆಯ ಹೆಣ್ಣುಮಕ್ಕಳ ದುಸ್ಥಿತಿಯನ್ನು ಕಂಡು ಕಳವಳಗೊಂಡನು. ತನ್ನ ಹೆಸರಿನ ಪ್ರತಿಷ್ಠಾನದ ಮೂಲಕ ಮಕ್ಕಳ ಮಾರಾಟದ ವಿರುದ್ಧ ದನಿಯೆತ್ತಿದನು. 2008ರ ಆಗಸ್ಟ್‌ನಲ್ಲಿ ಬಾಡಿಗೆ ತಾಯಿಯ ಮೂಲಕ ಅವಳಿ ಗಂಡುಮಕ್ಕಳ ತಂದೆಯಾದನು. ಲೋಕದ ಬಾಯಿಗೆ ಹೆದರಿ ಮಾತು ನುಂಗಿದವನಿಗೆ ತೊಟ್ಟಿಲಲ್ಲಿದ್ದ ಎರಡು ಮುಖಗಳ ಮುಂದೆ ಸುಳ್ಳಾಗಿ ಬಾಳುವುದು ಅಸಾಧ್ಯವೆನಿಸಿತು.

2010ರ ಮಾರ್ಚ್ 29. ಈ ಸಲ ಎದುರಿಗೆ ಸಂದರ್ಶಕರು ಯಾರೂ ಇರಲಿಲ್ಲ. ತಾನೊಬ್ಬ ಸಲಿಂಗಾನುರಾಗಿ, ಹೀಗಿರುವುದು ತನ್ನ ಭಾಗ್ಯವೆಂದು ಸ್ವತಃ ಬರೆದು ತನ್ನ ಅಂತರ್ಜಾಲ ತಾಣದಲ್ಲಿ ಪ್ರಕಟಿಸಿದನು. ಮುಚ್ಚಿಟ್ಟು ಬದುಕಿದರೆ ಮಕ್ಕಳು ಹುಟ್ಟುವಾಗ ತಂದ ಬೆಳಕನ್ನೇ ಕುಗ್ಗಿಸಿದಂತಾಗುವುದೆಂಬುದು ಆ ಪತ್ರದ ತಿರುಳು. ಕುಸಿದೀತೆಂದು ಹೆದರಿಸಿದ್ದ ಕೀರ್ತಿಯ ಸೌಧ ಕುಸಿಯಲಿಲ್ಲ. ಅದೇ ವರ್ಷ ಆತ್ಮಕಥೆ ಹೊರಬಂದಿತು, ಹಾಡುಗಾರಿಕೆ ಮುಂದುವರಿಯಿತು. ಆ ಪ್ರಶ್ನೆ ಕೇಳಬಾರದಾಗಿತ್ತೆಂದು ಬಾರ್ಬರಾ ವಾಲ್ಟರ್ಸ್ ಕೂಡ 2010ರಲ್ಲಿ ಒಪ್ಪಿಕೊಂಡರು. ಆದರೂ ಅಂದಿನ ಗಾಯ ಪೂರ್ತಿ ಮಾದಿಲ್ಲವೆಂದು ರಿಕಿ 2021ರಲ್ಲಿ ಹೇಳಿಕೊಂಡನು.

ಮುಂದಿನ ಬಾಳೆಲ್ಲ ಹೂವಿನ ಹಾಸಿಗೆಯಾಗಿರಲಿಲ್ಲ. ಕಲಾವಿದ ಜ್ವಾನ್ ಯೂಸೆಫನೊಡನೆ ಆದ ವಿವಾಹವನ್ನು 2018ರಲ್ಲಿ ಪ್ರಕಟಿಸಿದನು. 2023ರಲ್ಲಿ ಇಬ್ಬರೂ ಅಗಲಿದರು. ಆದರೆ ಸುಖವಾಗಲಿ ದುಃಖವಾಗಲಿ, ಅದನ್ನು ಬಚ್ಚಿಡುವ ಕಷ್ಟ ಉಳಿದಿರಲಿಲ್ಲ.

2019ರ ಜುಲೈ ತಿಂಗಳಲ್ಲಿ ಪೋರ್ಟೊ ರಿಕೊದ ರಾಜ್ಯಪಾಲ ಮತ್ತು ಆತನ ಆಪ್ತರ ಖಾಸಗಿ ಸಂದೇಶಗಳು ಬಯಲಾದವು. ಅದರಲ್ಲಿ ರಿಕಿಯ ಪ್ರೇಮವನ್ನು ಹಳಿದ ಅಶ್ಲೀಲ ಮಾತೂ ಇತ್ತು. ಸಿಟ್ಟಿಗೆದ್ದ ಜನಸಾಗರ ಸಾನ್ ಹುವಾನಿನ ಬೀದಿಗಿಳಿದಾಗ ಆತನೂ ಬಂದನು. ಲಾರಿಯೊಂದರ ಮೇಲೆ ನಿಂತು ಕಾಮನಬಿಲ್ಲಿನ ಬಣ್ಣದ ಧ್ವಜವನ್ನು ಬೀಸಿದನು. ಕೆಲವೇ ದಿನಗಳಲ್ಲಿ ರಾಜ್ಯಪಾಲನು ರಾಜೀನಾಮೆ ಘೋಷಿಸಿದನು. ಒಂದು ಕಾಲಕ್ಕೆ ಒಂದು ಪ್ರಶ್ನೆಗೆ ಮಾತು ಹೊರಡದೆ ತಡವರಿಸಿದ್ದವನು, ಹುಟ್ಟಿದ ಊರಿನಲ್ಲಿಯೇ, ತನ್ನವರ ನಡುವೆ, ತಲೆಯೆತ್ತಿ ನಿಂತಿದ್ದನು.