ಯಾವ ಗುಂಪು ಗಟ್ಟಿ, ಯಾವುದು ಜೊಳ್ಳು?

ರಾಂಪುರದ ಒಂದೇ ಬೀದಿಯ ಮೂವರು ಹುಡುಗರು ಪಿ.ಯು.ಸಿ. ಮುಗಿಸಿದರು ಎಂದಿಟ್ಟುಕೊಳ್ಳಿ. ಮೂವರಿಗೂ ಬ್ಯಾಸ್ಕೆಟ್‌ಬಾಲ್ ಹುಚ್ಚು. ಒಬ್ಬ ಮೊಳಕಾಲ್ಮೂರಿನ ಪದವಿ ಕಾಲೇಜು ಸೇರಿ ದಾವಣಗೆರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದ. ಇನ್ನೊಬ್ಬ, ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರವೆಂದು ಆ ಕಡೆಯ ಬಸ್ಸು ಹತ್ತಿ ವಿಜಯನಗರ ಶ್ರೀಕೃಷ್ಣದೇವರಾಯ ವಿ.ವಿ.ಯ ಪಾಲಾದ. ಮೂರನೆಯವನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು, ಅವನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.ಗೆ ಸೇರಿದವನು. ಮುಂದಿನ ವರ್ಷ ಮೂವರೂ ತಂತಮ್ಮ ವಿ.ವಿ. ತಂಡಕ್ಕೆ ಆಯ್ಕೆಯಾಗಿ ‘ಯೂನಿವರ್ಸಿಟಿ ಬ್ಲೂ’ ಎನಿಸಿಕೊಂಡು ಊರಿಗೆ ಬಂದರೆ, ಯಾರ ನೀಲಿ ಹೆಚ್ಚು ಗಾಢ?

ಹೆತ್ತವರು ಇದನ್ನು ಹುಡುಗಾಟದ ಪ್ರಶ್ನೆ ಎಂದು ತಳ್ಳಿಹಾಕಬಾರದು. ಕೇಂದ್ರ ಸರ್ಕಾರದ ‘ಸಿ’ ಗುಂಪಿನ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳುವಾಗ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ವಿ.ವಿ.ಯನ್ನು ಪ್ರತಿನಿಧಿಸಿದ್ದೂ ಒಂದು ಅರ್ಹತೆಯೇ. ಆ ಹಾಳೆ ಕೈಗೆ ಬರಬೇಕಾದರೆ ಮೊದಲು ವಿ.ವಿ. ತಂಡದಲ್ಲಿ ಸ್ಥಾನ ಸಿಗಬೇಕು. ಆ ಸ್ಥಾನದ ಪೈಪೋಟಿ ಎಲ್ಲ ಕಡೆ ಒಂದೇ ತೆರನಾಗಿಲ್ಲ.

ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಒಂದು ಕಾಲಕ್ಕೆ ಕುವೆಂಪು ವಿ.ವಿ.ಯ ಅಡಿಯಲ್ಲಿದ್ದವು. 2009ರಲ್ಲಿ ದಾವಣಗೆರೆ ವಿ.ವಿ. ಬೇರೆಯಾಯಿತು. ಬಳ್ಳಾರಿಯ ಕಾಲೇಜುಗಳು ಗುಲ್ಬರ್ಗ ವಿ.ವಿ.ಯಿಂದ ಹೊರಬಂದು 2010ರಲ್ಲಿ ತಮ್ಮದೇ ವಿ.ವಿ. ಪಡೆದವು. ಮನೆ ಪಾಲಾದಂತೆ ಮೈದಾನವೂ ಪಾಲಾಯಿತು. ಮೊದಲು ಶಿವಮೊಗ್ಗದ ಹುಡುಗರೊಂದಿಗೆ ಗುದ್ದಾಡಿ ತಂಡ ಸೇರಬೇಕಿದ್ದವನಿಗೆ ಈಗ ಎದುರಾಳಿಗಳು ಕಡಿಮೆ. 1998ರಲ್ಲಿ ಹುಟ್ಟಿದ ತಾಂತ್ರಿಕ ವಿ.ವಿ.ಯಲ್ಲಾದರೋ ತದ್ವಿರುದ್ಧ. ಬೀದರಿನಿಂದ ಮೈಸೂರಿನ ತನಕದ ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಒಂದೇ ಕಣದಲ್ಲಿ. ಅಲ್ಲಿ ಮೊದಲು ವಲಯ ಮಟ್ಟದಲ್ಲಿ ಗೆದ್ದು, ಆಮೇಲೆ ಅಂತರ ವಲಯ ಆಡಬೇಕು.

ಹಾಗಾದರೆ ದೊಡ್ಡ ಗುಂಪೇ ಗಟ್ಟಿ ಗುಂಪೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ನೂರು ಚೀಲ ಶೇಂಗಾ ಇದೆಯೆಂದ ಮಾತ್ರಕ್ಕೆ ಕಾಳು ತುಂಬಿದೆ ಎಂದೇನೂ ಅಲ್ಲವಲ್ಲ.

ಇಲ್ಲೊಂದು ಲೆಕ್ಕವಿದೆ. ಒಂದು ಗುಂಪಿನ ತಂಡಗಳು ತಮ್ಮತಮ್ಮೊಳಗೇ ಆಡಿದರೆ, ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಆರು ತಂಡಗಳು ಪರಸ್ಪರ ಒಂದೊಂದು ಸಲ ಆಡಿದರೆ ಹದಿನೈದು ಪಂದ್ಯ, ಹದಿನೈದು ಗೆಲುವು, ಹದಿನೈದು ಸೋಲು. ಅತಿರಥರ ಗುಂಪಾದರೂ ಅಷ್ಟೇ, ಆಗತಾನೇ ಡ್ರಿಬ್ಲಿಂಗ್ ಕಲಿತವರ ಗುಂಪಾದರೂ ಅಷ್ಟೇ. ಒಳಗಿನ ಪಂದ್ಯಗಳನ್ನು ಎಷ್ಟು ತಿರುವಿಹಾಕಿದರೂ ಗುಂಪಿನ ತೂಕ ಗೊತ್ತಾಗುವುದಿಲ್ಲ. ಹೊರಗಿನವರೊಡನೆ ಆಡಿದ ಪಂದ್ಯಗಳು ಮಾತ್ರ ಬಾಯಿ ಬಿಡುತ್ತವೆ.

ಈ ಮಾತನ್ನು ಅಮೆರಿಕದವರಷ್ಟು ತಲೆಗೆ ಹಚ್ಚಿಕೊಂಡವರು ಇಲ್ಲ. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮ ಕ್ರಿಕೆಟ್ಟಿನಷ್ಟೇ ಗದ್ದಲ. ವಿ.ವಿ.ಗಳು ಮೂವತ್ತಕ್ಕೂ ಹೆಚ್ಚು ಕೂಟಗಳಾಗಿ ಹಂಚಿಹೋಗಿವೆ. ಬಿಗ್ ಈಸ್ಟ್, ಬಿಗ್ ಟೆನ್, ಅಟ್ಲಾಂಟಿಕ್ ಕೋಸ್ಟ್ ಮುಂತಾದವು ಅವುಗಳ ಹೆಸರು. ಪ್ರತಿ ಕೂಟದ ಚಾಂಪಿಯನ್ನರಿಗೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. 68 ತಂಡಗಳ ಆ ಪಂದ್ಯಾವಳಿಯಲ್ಲಿ ಉಳಿದ ಸ್ಥಾನಗಳಿಗೆ ಯಾವ ಕೂಟದಿಂದ ಎಷ್ಟು ತಂಡ ಎಂಬುದನ್ನು ಸಮಿತಿಯೊಂದು ಆರಿಸುತ್ತದೆ. ಜಗಳ ಹುಟ್ಟುವುದೇ ಅಲ್ಲಿ.

ಆ ಜಗಳ ತೀರಿಸಲು 1981ರಿಂದ 2018ರವರೆಗೆ ಒಂದು ಸೂತ್ರ ಬಳಕೆಯಲ್ಲಿತ್ತು. ತಂಡದ ಸ್ವಂತ ಗೆಲುವಿಗೆ ಕೊಡುತ್ತಿದ್ದದ್ದು ಕಾಲು ಭಾಗ ತೂಕ ಮಾತ್ರ. ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ, ಆ ಎದುರಾಳಿಗಳ ಎದುರಾಳಿಗಳಿಗೆ ಉಳಿದ ಕಾಲು. ಪೆನ್ಸಿಲ್ ತೆಗೆದುಕೊಳ್ಳಿ. ‘ಅ’ ತಂಡ ಹತ್ತರಲ್ಲಿ ಎಂಟು ಗೆದ್ದಿದೆ, ಅದರ ಎದುರಾಳಿಗಳು ಗೆದ್ದದ್ದು ನೂರಕ್ಕೆ 40. ‘ಆ’ ತಂಡ ಹತ್ತರಲ್ಲಿ ಐದೇ ಗೆದ್ದಿದೆ, ಆದರೆ ಅದರ ಎದುರಾಳಿಗಳು ನೂರಕ್ಕೆ 65 ಗೆದ್ದ ಗಟ್ಟಿಗರು. ಮೂರನೆಯ ಅಂಶ ಇಬ್ಬರಿಗೂ 50 ಎಂದು ಹಿಡಿಯೋಣ. ‘ಅ’ಗೆ 20, 20, 12.5 ಸೇರಿ 52.5. ‘ಆ’ಗೆ 12.5, 32.5, 12.5 ಸೇರಿ 57.5. ಅರ್ಧ ಪಂದ್ಯ ಸೋತವನೇ ಮೇಲೆ! ‘ನಮ್ಮ ಹುಡುಗ ಎಲ್ಲ ಪಂದ್ಯವನ್ನೂ ಗೆದ್ದ’ ಎಂದು ಮೀಸೆ ತಿರುವುವ ಮೊದಲು ‘ಯಾರ ಮೇಲೆ?’ ಎಂದು ಕೇಳುವುದು ಅಸೂಯೆಯಲ್ಲ, ಲೆಕ್ಕ. (ಈ ಸೂತ್ರವನ್ನೂ ಕೊನೆಗೆ ಕೈಬಿಟ್ಟರು. ಈಗಿನ ಕ್ರಮದಲ್ಲಿ ಪಂದ್ಯ ಎಲ್ಲಿ ನಡೆಯಿತು, ತಂಡ ಎಷ್ಟು ಚುರುಕಾಗಿ ಅಂಕ ಗಳಿಸಿತು ಎಂಬುದೂ ಸೇರುತ್ತದೆ.)

ಇಷ್ಟೆಲ್ಲ ಮಾಡಿಯೂ ವಾದ ನಿಲ್ಲಲಿಲ್ಲ. 2011ರಲ್ಲಿ ಬಿಗ್ ಈಸ್ಟ್ ಕೂಟವೊಂದರಿಂದಲೇ 11 ತಂಡಗಳು ಆಯ್ಕೆಯಾದವು. ಕೊನೆಯ ಹದಿನಾರರ ಹಂತಕ್ಕೆ ಉಳಿದವು ಎರಡೇ. ‘ನೋಡಿದಿರಾ, ಬರೀ ಜೊಳ್ಳು’ ಎಂದರು ಎದುರು ಪಕ್ಷದವರು. ಆದರೆ ಆ ಎರಡರಲ್ಲಿ ಒಂದಾದ ಕನೆಕ್ಟಿಕಟ್ ಕೊನೆಗೆ ಬಟ್ಲರ್ ತಂಡವನ್ನು 53–41ರಿಂದ ಸೋಲಿಸಿ ಚಾಂಪಿಯನ್ ಆಯಿತು. ತನ್ನ ಕೂಟದ ಲೀಗ್ ಪಂದ್ಯಗಳಲ್ಲಿ ಅದು ಒಂಬತ್ತು ಗೆದ್ದು ಒಂಬತ್ತು ಸೋತಿತ್ತು. ‘ಮಧ್ಯದಲ್ಲಿದ್ದ ತಂಡವೇ ದೇಶ ಗೆದ್ದಿದೆ, ಇನ್ನೇನು ಬೇಕು?’ ಎಂದರು ಬಿಗ್ ಈಸ್ಟ್ ಅಭಿಮಾನಿಗಳು. ನನ್ನನ್ನು ಕೇಳಿದರೆ ಇಬ್ಬರದೂ ಅರ್ಧ ಸತ್ಯ. ಒಂದು ಸೋಲಿಗೇ ಮನೆಗೆ ಕಳಿಸುವ ಪಂದ್ಯಾವಳಿಯಿಂದ ಇಡೀ ಕೂಟದ ಬಲ ಅಳೆಯುವುದು, ಒಂದು ಮಳೆ ನೋಡಿ ಇಡೀ ವರ್ಷದ ಬೆಳೆ ಹೇಳಿದಂತೆ.

ನಮ್ಮಲ್ಲಿ ಇಂಥ ತಕರಾರು ಏಳದಿರುವುದಕ್ಕೆ ಕಾರಣ, ಸಮಿತಿ ಆರಿಸುವ ಪ್ರಶ್ನೆಯೇ ಇಲ್ಲ. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ದೇಶವನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ವಲಯ ಮಾಡಿದೆ. ಪ್ರತಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ಎಲ್ಲರಿಗೂ ನಾಲ್ಕೇ, ನ್ಯಾಯವಾಗಿ ಕಾಣುತ್ತದೆ. ಆದರೆ ರಾಂಪುರದ ನಮ್ಮ ಮೂವರೂ ಆಡಬೇಕಾದದ್ದು ದಕ್ಷಿಣ ವಲಯದಲ್ಲಿ. ಚೆನ್ನೈನ ಮದ್ರಾಸ್ ವಿ.ವಿ., ಎಸ್.ಆರ್.ಎಂ., ಹಿಂದೂಸ್ತಾನ್, ಬೆಂಗಳೂರಿನ ಜೈನ್, ಕೇರಳದ ಮಹಾತ್ಮ ಗಾಂಧಿ, ಕ್ಯಾಲಿಕಟ್ ವಿ.ವಿ.ಗಳು ಇರುವ ವಲಯ ಅದು. ಬ್ಯಾಸ್ಕೆಟ್‌ಬಾಲ್ ಈ ದೇಶಕ್ಕೆ ಕಾಲಿಟ್ಟದ್ದು ವೈ.ಎಂ.ಸಿ.ಎ. ಮೂಲಕ. ಹ್ಯಾರಿ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದಂದಿನಿಂದ ಆ ಊರಿಗೆ ಈ ಆಟದ ಹದ ಗೊತ್ತು. ಇಂಥ ವಲಯದಲ್ಲಿ ಐದನೆಯದಾದ ತಂಡಕ್ಕೆ, ಎಷ್ಟೇ ಗಟ್ಟಿಯಿದ್ದರೂ, ಅಲ್ಲಿಗೇ ಮುಗಿಯಿತು.

ಡ್ರಾ ಎಂಬ ಅದೃಷ್ಟವೂ ಇದೆ. ಆರಂಭದಲ್ಲಿ ಸೋತವರು ಮನೆಗೆ. ಕೊನೆಯ ನಾಲ್ವರಿಗೆ ಮಾತ್ರ ಲೀಗ್. ದಾವಣಗೆರೆ ತಂಡಕ್ಕೆ ಮೊದಲ ದಿನವೇ ಚೆನ್ನೈನ ದೈತ್ಯರು ಎದುರಾಗಬಹುದು, ಬಳ್ಳಾರಿ ತಂಡಕ್ಕೆ ಎರಡು ಸುಲಭ ಪಂದ್ಯ ಸಿಗಬಹುದು. ಅಷ್ಟರಿಂದ ಬಳ್ಳಾರಿಯೇ ಮೇಲು ಎಂದು ಊರಿನಲ್ಲಿ ಪಂಥ ಕಟ್ಟುವವರಿಗೆ ಏನು ಹೇಳುವುದು?

ಆದ್ದರಿಂದ ಕಾಲೇಜು ಆರಿಸುವಾಗ ಆಟವನ್ನೂ ಲೆಕ್ಕಕ್ಕೆ ಹಿಡಿಯುವ ಹೆತ್ತವರು ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಪ್ಪು ಎಷ್ಟು ಗೆದ್ದಿರಿ ಎಂದು ಕೇಳಿದರೆ ಸಾಲದು. ವಿ.ವಿ. ತಂಡದ ಆಯ್ಕೆಗೆ ಎಷ್ಟು ಕಾಲೇಜಿನವರು ಬರುತ್ತಾರೆ, ಹಿಂದಿನ ಮೂರು ವರ್ಷ ದಕ್ಷಿಣ ವಲಯದಲ್ಲಿ ಯಾರೆದುರು ಎಷ್ಟು ಅಂಕದಿಂದ ಸೋತಿರಿ ಎಂದು ಕೇಳಿ. ಇಪ್ಪತ್ತು ಅಂಕದ ಸೋಲು ಮದ್ರಾಸಿನೆದುರೋ, ಮೊದಲ ಸಲ ತಂಡ ಕಟ್ಟಿದವರೆದುರೋ ಎಂಬುದರಲ್ಲಿ ಅಜಗಜಾಂತರವಿದೆ. ಕೈಗೆ ಬಂದ ಪ್ರಮಾಣಪತ್ರದಲ್ಲಿ ‘ಅಂತರ ಕಾಲೇಜು’ ಎಂದಿದೆಯೋ, ‘ಅಂತರ ವಿಶ್ವವಿದ್ಯಾಲಯ’ ಎಂದಿದೆಯೋ ಎಂಬುದನ್ನೂ ಅಲ್ಲೇ ನಿಂತು ಓದಿಕೊಳ್ಳಿ. ಕೆಲಸಕ್ಕೆ ಅರ್ಜಿ ಹಾಕುವ ದಿನ ಮೊದಲು ನೋಡುವುದು ಆ ಒಂದು ಪದವನ್ನೇ.