ದಾರಿಯಿಲ್ಲದೆಡೆಯಲ್ಲಿ ಹ್ಯಾಮ್ ರೇಡಿಯೋ

ಮಾನವನು ಸಂಘಜೀವಿ. ತನ್ನ ಕೂಗಿಗೆ ಓಗೊಡುವವರು ಇದ್ದಾರೆಂಬ ನಂಬಿಕೆಯೇ ಅವನ ಧೈರ್ಯದ ಮೂಲ. ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವವರಿಗೆ ಮೊಬೈಲ್ ದೂರವಾಣಿಯು ಈ ಧೈರ್ಯವನ್ನು ಅಂಗೈಯಲ್ಲಿಯೇ ಒದಗಿಸಿದೆ. ಅವರಲ್ಲಿ ಕೆಲವರು ಬಿಡುವಿನ ದಿನಗಳಲ್ಲಿ ಜೀಪುಗಳನ್ನೇರಿ, ಡಾಂಬರು ರಸ್ತೆಯನ್ನು ತೊರೆದು, ಮಲೆನಾಡಿನ ಕಚ್ಚಾ ಹಾದಿಗಳಲ್ಲಿ ಸಾಗಿ, ಡೇರೆ ಹಾಕಿ ತಂಗುವುದುಂಟು. ಆದರೆ ಘಟ್ಟದ ಕಣಿವೆಗೆ ಇಳಿದೊಡನೆ ದೂರವಾಣಿಯು ಮೂಕವಾಗಬಹುದು. ಮೊಬೈಲು ಮಾತನಾಡುವುದು ಸಮೀಪದ ಗೋಪುರದ ಮೂಲಕ. ಗೋಪುರವಿಲ್ಲದೆಡೆ ಮಾತೂ ಇಲ್ಲ. ಅಂಥ ಸ್ಥಳದಲ್ಲಿ ಜೀಪು ಹಳ್ಳಕ್ಕೆ ಉರುಳಿದರೆ ಅಥವಾ ಯಾರಿಗಾದರೂ ಹಾವು ಕಚ್ಚಿದರೆ ನೆರವನ್ನು ಕರೆಯುವ ಬಗೆ ಹೇಗೆ? ಇದಕ್ಕೆ ಒಂದು ಉತ್ತರ ಹ್ಯಾಮ್ ರೇಡಿಯೋ.

ಲಾಭದ ಆಸೆಯಿಲ್ಲದೆ, ಕೇವಲ ಆಸಕ್ತಿಯಿಂದ ನಿಸ್ತಂತು ವಿದ್ಯೆಯನ್ನು ಕಲಿತು ಬಳಸುವವರನ್ನು ‘ಹ್ಯಾಮ್’ ಎಂದು ಕರೆಯುತ್ತಾರೆ. ಪ್ರೇಷಕ, ಗ್ರಾಹಕ, ಆಂಟೆನಾ ಮತ್ತು ಬ್ಯಾಟರಿ ಇವಿಷ್ಟೇ ಹ್ಯಾಮ್ ನಿಲಯದ ಮುಖ್ಯ ಅಂಗಗಳು. ಜೀಪಿನ 12 ವೋಲ್ಟ್ ಬ್ಯಾಟರಿಯಿಂದಲೇ ಅದನ್ನು ನಡೆಸಬಹುದು. ಆದರೆ ಯಾರು ಬೇಕಾದರೂ ಇದನ್ನು ಬಳಸುವಂತಿಲ್ಲ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬೇಕು. ಆಗ ಪ್ರತಿಯೊಬ್ಬರಿಗೂ ಒಂದು ಕರೆ ಸಂಕೇತ ದೊರೆಯುತ್ತದೆ. ಭಾರತೀಯ ಹ್ಯಾಮ್‌ಗಳ ಸಂಕೇತವು ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಈ ರೇಡಿಯೋದಲ್ಲಿ ವ್ಯಾಪಾರದ ಮಾತಿಗೆ ಅವಕಾಶವಿಲ್ಲ.

ಪ್ರವಾಸಿಗಳಿಗೆ ಎರಡು ಬಗೆಯ ತರಂಗಗಳು ನೆರವಾಗುತ್ತವೆ. ಒಂದರ ಹಿಂದೊಂದು ಸಾಗುವ ಜೀಪುಗಳ ನಡುವಣ ಮಾತಿಗೆ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳು ಅನುಕೂಲ. ಈ ಅಲೆಗಳ ಉದ್ದ ಸುಮಾರು 2 ಮೀಟರ್. ಆದ್ದರಿಂದ ಅದರ ನಾಲ್ಕನೆಯ ಒಂದು ಪಾಲು, ಎಂದರೆ ಅರ್ಧ ಮೀಟರಿನ ಕಡ್ಡಿಯೇ ಆಂಟೆನಾ ಆಗಬಲ್ಲದು. ಈ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಬೆಟ್ಟದ ನೆತ್ತಿಯಿಂದ ಆಡಿದ ಮಾತು ಹತ್ತಾರು ಕಿಲೋಮೀಟರ್ ದೂರ ಕೇಳಿಸಿದರೂ ಕಣಿವೆಯಿಂದ ಆಡಿದ ಮಾತು ಗುಡ್ಡಕ್ಕೆ ಅಡ್ಡವಾಗಿ ನಿಲ್ಲುವುದು.

ಗುಡ್ಡವನ್ನು ದಾಟಲು 7 ಮೆಗಾಹರ್ಟ್ಸ್ ಸುತ್ತಿನ ಆವೃತ್ತಿಗಳು ಬೇಕು. ಎರಡು ಮರಗಳ ನಡುವೆ ಸುಮಾರು 20 ಮೀಟರ್ ತಂತಿಯನ್ನು ತಗ್ಗಾಗಿ ಕಟ್ಟಿದರೆ ಅಲೆಗಳು ಆಕಾಶದತ್ತ ಏರುತ್ತವೆ. ಸುಮಾರು 300 ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಪದರವು ಅವನ್ನು, ಗೋಡೆಗೆಸೆದ ಚೆಂಡಿನಂತೆ, ಭೂಮಿಗೆ ಹಿಂದಿರುಗಿಸುತ್ತದೆ. ಹೀಗೆ ಘಟ್ಟದ ಮಾತು ಬೆಟ್ಟಸಾಲುಗಳ ಮೇಲಿಂದ ಹಾರಿ ಬೆಂಗಳೂರನ್ನು ಮುಟ್ಟಬಲ್ಲದು. ಸೂರ್ಯನ ಪ್ರಭಾವದಿಂದ ಈ ಪದರವು ಹಗಲಿರುಳು ಬದಲಾಗುವುದರಿಂದ ಎಲ್ಲ ಹೊತ್ತಿನಲ್ಲಿಯೂ ಸಂಪರ್ಕ ಒಂದೇ ಸಮನಾಗಿರುವುದಿಲ್ಲ. ತಂತಿಯನ್ನು ವಿದ್ಯುತ್ ಮಾರ್ಗದ ಬಳಿ ಕಟ್ಟಬಾರದು. ಗುಡುಗು ಸಿಡಿಲಿನ ವೇಳೆ ಬಳಸಲೂಬಾರದು.

ಈ ಹವ್ಯಾಸಕ್ಕೂ ಬೆಂಗಳೂರಿನ ವಿಜ್ಞಾನಕ್ಕೂ ನಂಟಿದೆ. 1975ರಲ್ಲಿ ಗಗನಕ್ಕೇರಿದ ‘ಆರ್ಯಭಟ’ ಉಪಗ್ರಹವು ರೂಪುಗೊಂಡದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದೇ ಪರಂಪರೆಯಲ್ಲಿ ಇಸ್ರೋ ಸಂಸ್ಥೆಯು ಹ್ಯಾಮ್‌ಗಳಿಗಾಗಿಯೇ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕಿಲೋಗ್ರಾಂ ತೂಕದ ಪುಟ್ಟ ಉಪಗ್ರಹವನ್ನು ನಿರ್ಮಿಸಿ, 2005ರ ಮೇ 5ರಂದು ಹಾರಿಬಿಟ್ಟಿತು. 2014ರವರೆಗೆ ಅದು ಹ್ಯಾಮ್‌ಗಳ ಮಾತನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಮುಟ್ಟಿಸುತ್ತಿತ್ತು.

ಹ್ಯಾಮ್‌ಗಳ ಸೇವೆ ಎಂಥದೆಂಬುದನ್ನು 2004ರ ಡಿಸೆಂಬರ್ 26ರ ಸುನಾಮಿಯು ತೋರಿಸಿಕೊಟ್ಟಿತು. ಆಗ ಭಾರತಿ ಪ್ರಸಾದ್ ಎಂಬ ಮಹಿಳೆಯ ನೇತೃತ್ವದ ಹ್ಯಾಮ್ ತಂಡವೊಂದು ಹವ್ಯಾಸದ ಸಲುವಾಗಿ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಎಂದಿನ ಸಂಪರ್ಕ ವ್ಯವಸ್ಥೆಗಳು ಕುಸಿದಾಗ ಆ ತಂಡವು ಹವ್ಯಾಸವನ್ನು ಬದಿಗಿರಿಸಿ, ದ್ವೀಪಗಳಲ್ಲಿದ್ದವರ ಕ್ಷೇಮಸಮಾಚಾರವನ್ನು ಭಾರತದ ಮುಖ್ಯ ಭೂಭಾಗಕ್ಕೆ ತಲುಪಿಸಿತು. ಆ ಕರೆಗಳನ್ನು ಕೇಳಿ, ಬರೆದುಕೊಂಡು, ಮನೆಮನೆಗೆ ಮುಟ್ಟಿಸಲು ದೂರದಲ್ಲಿ ಇತರ ಹ್ಯಾಮ್‌ಗಳು ಎಚ್ಚರವಾಗಿದ್ದುದರಿಂದಲೇ ಆ ಸೇವೆ ಸಾಧ್ಯವಾಯಿತು.

ಆದುದರಿಂದ ಜೀಪಿನಲ್ಲಿ ರೇಡಿಯೋ ಇಟ್ಟುಕೊಂಡ ಮಾತ್ರಕ್ಕೆ ಯಾರೂ ಸುರಕ್ಷಿತರಲ್ಲ. ಹೊರಡುವ ಮುನ್ನ ತಮ್ಮ ಮಾರ್ಗವನ್ನೂ ಕರೆಯುವ ಹೊತ್ತನ್ನೂ ಆವೃತ್ತಿಯನ್ನೂ ಊರಿನಲ್ಲಿರುವ ಹ್ಯಾಮ್ ಮಿತ್ರನಿಗೆ ತಿಳಿಸಿರಬೇಕು. ಅರಣ್ಯವನ್ನು ಪ್ರವೇಶಿಸಲು ಅನುಮತಿ ಪಡೆದಿರಬೇಕು. ಆಪತ್ತು ಒದಗಿದಾಗ ಎಲ್ಲಿದ್ದೇವೆ, ಏನಾಗಿದೆ, ಎಷ್ಟು ಜನ ಗಾಯಗೊಂಡಿದ್ದಾರೆ, ಯಾವ ನೆರವು ಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಅಂಥ ಕರೆ ಕೇಳಿಬಂದಾಗ ಉಳಿದವರು ತಮ್ಮ ಮಾತನ್ನು ನಿಲ್ಲಿಸಿ ಕಿವಿಗೊಡಬೇಕು. ಮಾತನಾಡುವ ಯಂತ್ರವನ್ನು ವಿಜ್ಞಾನ ಕೊಟ್ಟಿದೆ. ಇನ್ನೊಬ್ಬರ ಕರೆಯನ್ನು ಕೇಳಿಸಿಕೊಳ್ಳುವ ಮನಸ್ಸನ್ನು ಮಾನವನೇ ಬೆಳೆಸಿಕೊಳ್ಳಬೇಕು.