ಮನೆಯಲ್ಲಿಯೂ ತೋಟದಲ್ಲಿಯೂ ಸ್ಮಾರ್ಟ್ ಸಾಧನಗಳನ್ನು ಅಳವಡಿಸುವ ಕ್ರಮ

೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಆ ಶಕ್ತಿಯು ಕ್ರಮೇಣ ಗ್ರಾಮಗಳಿಗೂ ವ್ಯಾಪಿಸಿ, ಈಗ ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ಪಡಸಾಲೆಯ ದೀಪವನ್ನು ಹಚ್ಚುವುದೂ, ಕೊಟ್ಟಿಗೆಯನ್ನು ಕ್ಯಾಮೆರಾದ ಮೂಲಕ ನೋಡುವುದೂ, ಕೊಳವೆಬಾವಿಯ ಪಂಪನ್ನು ನಡೆಸುವುದೂ ಸಾಧ್ಯವಾಗಿರುವುದು. ಹೀಗಿದ್ದರೂ ಅನೇಕ ಮನೆಗಳಲ್ಲಿ ಇಂತಹ ಸಾಧನಗಳನ್ನು ಉತ್ಸಾಹದಿಂದ ಕೊಂಡು, ಎರಡು ದಿನ ಹೆಣಗಿ, ಬೇಸತ್ತು ಅಟ್ಟಕ್ಕೆ ಸೇರಿಸುವುದುಂಟು. ವಿಚಾರಿಸಿ ನೋಡಿದರೆ ಬಹುಮಟ್ಟಿಗೆ ದೋಷವು ಸಾಧನದಲ್ಲಿರುವುದಿಲ್ಲ. ನೆಲವನ್ನು ಹದಮಾಡದೆ ಬೀಜವನ್ನು ದೂರುವಂತೆ, ವಿದ್ಯುತ್ತು, ಸಂಕೇತ, ಯಜಮಾನಿಕೆ ಎಂಬ ಮೂರನ್ನೂ ಸರಿಪಡಿಸದೆ ಸಾಧನವನ್ನು ದೂರುವುದು ವಾಡಿಕೆಯಾಗಿದೆ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸತಕ್ಕ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ.

೧. ಮೊದಲು ವಿದ್ಯುತ್ತಿನ ಪರೀಕ್ಷೆ

ಮನೆಯ ಸಾಧನಗಳು ೨೩೦ ವೋಲ್ಟಿನ ವಿದ್ಯುತ್ತಿಗಾಗಿ ರಚಿತವಾದುವು. ವೋಲ್ಟೇಜು ತೀರ ಇಳಿದರೆ ಅವು ಪದೇ ಪದೇ ಆರಿ ಹತ್ತುವುವು. ಇದನ್ನು ಸಾಧನದ ಕೇಡೆಂದು ತಿಳಿಯಬಾರದು. ಗೋಡೆಯೊಳಗೆ ಕೂರಿಸುವ ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಹೆಚ್ಚಿನವಕ್ಕೆ ಫೇಸ್ ತಂತಿಯಲ್ಲದೆ ನ್ಯೂಟ್ರಲ್ ತಂತಿಯೂ ಬೇಕು. ಹಳೆಯ ಮನೆಗಳ ಕೆಲವು ಬೋರ್ಡುಗಳಲ್ಲಿ ಈ ತಂತಿಯು ಇರುವುದಿಲ್ಲ. ಕೊಳ್ಳುವುದಕ್ಕೆ ಮುಂಚೆಯೇ ತಿಳಿದ ಎಲೆಕ್ಟ್ರಿಷಿಯನ್ನನಿಂದ ಬೋರ್ಡನ್ನು ಬಿಚ್ಚಿಸಿ ನೋಡಿಸುವುದು.

ಭಾರದ ಲೆಕ್ಕವೂ ಅವಶ್ಯಕ. ೨೦೦೦ ವಾಟಿನ ನೀರು ಕಾಯಿಸುವ ಗೀಸರು ಸುಮಾರು ೯ ಆಂಪಿಯರ್ ವಿದ್ಯುತ್ತನ್ನು ಎಳೆಯುವುದು. ಇದನ್ನು ೬ ಆಂಪಿಯರಿನ ಸ್ಮಾರ್ಟ್ ಪ್ಲಗ್ಗಿಗೆ ಸೇರಿಸಿದರೆ ಪ್ಲಗ್ಗು ಕರಗಿ ಬೆಂಕಿ ಹತ್ತುವ ಸಂಭವವುಂಟು. ೧೬ ಆಂಪಿಯರಿನ ಪ್ಲಗ್ಗನ್ನೇ ಉಪಯೋಗಿಸತಕ್ಕದ್ದು.

೨. ವೈಫೈ ಸಂಕೇತ

ಸಾಧನವು ಫೋನಿಗೆ ಕಾಣಿಸದೆ ಹೋಗುವುದಕ್ಕೆ ಮುಖ್ಯ ಕಾರಣವೊಂದುಂಟು. ಈಗಿನ ರೂಟರುಗಳು ೨.೪ ಮತ್ತು ೫ ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಸಂಕೇತಗಳನ್ನು ಹೊರಡಿಸುವುವು. ಅಗ್ಗದ ಬಲ್ಬು, ಪ್ಲಗ್ಗು, ಕ್ಯಾಮೆರಾಗಳಲ್ಲಿ ಬಹುಪಾಲು ಮೊದಲನೆಯದನ್ನು ಮಾತ್ರ ಗ್ರಹಿಸಬಲ್ಲುವು. ಎರಡಕ್ಕೂ ಒಂದೇ ಹೆಸರಿದ್ದು ಫೋನು ಎರಡನೆಯದನ್ನು ಹಿಡಿದಿದ್ದರೆ ಜೋಡಣೆಯು ಅನೇಕ ವೇಳೆ ಸಾಗುವುದಿಲ್ಲ. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಡುವುದು, ಇಲ್ಲವೆ ಜೋಡಿಸುವ ಹೊತ್ತಿಗೆ ೫ ಗಿಗಾಹರ್ಟ್ಸನ್ನು ನಿಲ್ಲಿಸುವುದು ಇದಕ್ಕೆ ಪರಿಹಾರ.

ದಪ್ಪನಾದ ಮಣ್ಣಿನ ಗೋಡೆಗಳೂ ತಗಡಿನ ಚಾವಣಿಯೂ ಸಂಕೇತವನ್ನು ತಡೆಯುವುವು. ಸಾಧನವನ್ನಿಡಬೇಕಾದ ಸ್ಥಳದಲ್ಲಿಯೇ ಫೋನನ್ನು ಹಿಡಿದು ನಿಂತು ಸಂಕೇತದ ಬಲವನ್ನು ನೋಡುವುದು. ಅಲ್ಲಿ ಬಲವಿಲ್ಲದಿದ್ದರೆ ರೂಟರನ್ನು ಮನೆಯ ನಡುಭಾಗಕ್ಕೆ ಎತ್ತರವಾಗಿ ಸರಿಸಬೇಕು. ರೂಟರಿಗೆ ಸಣ್ಣದೊಂದು ಯು.ಪಿ.ಎಸ್. ಇದ್ದರೆ ವಿದ್ಯುತ್ತು ಹೋದಾಗಲೂ ಸಂಕೇತವು ನಿಲ್ಲುವುದಿಲ್ಲ. ಇಲ್ಲದಿದ್ದರೆ, ವಿದ್ಯುತ್ತು ಮರಳಿದ ಮೇಲೆ ಕೆಲವು ನಿಮಿಷ ಕಾಯುವುದು; ಸಾಧನಗಳು ಸಾಮಾನ್ಯವಾಗಿ ತಾವಾಗಿಯೇ ಕೂಡಿಕೊಳ್ಳುವುವು. ಆತುರದಿಂದ ರೀಸೆಟ್ ಗುಂಡಿಯನ್ನು ಬಹಳ ಹೊತ್ತು ಒತ್ತಿದರೆ ಮಾಡಿದ ಜೋಡಣೆಯೆಲ್ಲವೂ ಅಳಿಸಿಹೋಗುವುದು.

೩. ಫೋನಿನೊಡನೆ ಜೋಡಿಸುವುದು

ಸಾಧನಗಳನ್ನು ಒಂದೊಂದಾಗಿಯೇ ಜೋಡಿಸತಕ್ಕದ್ದು. ಮೊದಲನೆಯದು ಎರಡು ದಿನ ಸರಿಯಾಗಿ ನಡೆದ ಮೇಲೆ ಎರಡನೆಯದಕ್ಕೆ ಕೈಹಾಕುವುದು ಉತ್ತಮ. ಫೋನಿನಲ್ಲಿ ಬ್ಲೂಟೂತನ್ನೂ ಲೊಕೇಶನ್ನನ್ನೂ ತೆರೆದು, ಆ್ಯಪ್ ಕೇಳುವ ಈ ಅನುಮತಿಗಳನ್ನು ಕೊಡಬೇಕು. ಇವನ್ನು ನಿರಾಕರಿಸಿದರೆ ಅದು ಸಾಧನವನ್ನು ಹುಡುಕಲಾರದು. ಜೋಡಿಸುವಷ್ಟು ಹೊತ್ತು ಮೊಬೈಲ್ ಡೇಟಾವನ್ನು ನಿಲ್ಲಿಸುವುದರಿಂದಲೂ ಅನುಕೂಲವಾಗುವುದು. ವೈಫೈ ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿರುವುದನ್ನು ಮರೆಯಬಾರದು.

ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ಚು ಸದಾ ಹಾಕಿರಬೇಕು. ಮನೆಯ ಹಿರಿಯರು ಪದ್ಧತಿಯಂತೆ ಅದನ್ನು ಆರಿಸಿದರೆ ಫೋನಿನ ಆಜ್ಞೆಯು ಬಲ್ಬಿಗೆ ಮುಟ್ಟದು. ಆದ್ದರಿಂದ ಮನೆಯವರೆಲ್ಲರಿಗೂ ಇದನ್ನು ತಿಳಿಯಹೇಳುವುದು, ಇಲ್ಲವೆ ಬಲ್ಬಿನ ಬದಲು ಕೈಯಿಂದಲೂ ನಡೆಯುವ ಸ್ಮಾರ್ಟ್ ಸ್ವಿಚ್ಚನ್ನೇ ಹಾಕಿಸುವುದು ಲೇಸು. ಮುಂದೆ ರೂಟರನ್ನು ಬದಲಾಯಿಸಬೇಕಾದಲ್ಲಿ, ಹೊಸದಕ್ಕೂ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಕೊಟ್ಟರೆ ಸಾಮಾನ್ಯವಾಗಿ ಯಾವುದನ್ನೂ ಮರುಜೋಡಣೆ ಮಾಡಬೇಕಾಗುವುದಿಲ್ಲ.

೪. ಪಂಪಿನ ಮೊಬೈಲ್ ಸ್ಟಾರ್ಟರು

ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ವಿದ್ಯುತ್ತು ರಾತ್ರಿಯ ವೇಳೆ ಬರುವ ಕಡೆಗಳಲ್ಲಿ ರೈತನು ಕತ್ತಲೆಯಲ್ಲಿ, ಹಾವು ಚೇಳುಗಳ ಭಯದಲ್ಲಿ, ಕಾಡಂಚಿನ ಸೀಮೆಗಳಲ್ಲಿ ಆನೆ ಕರಡಿಗಳ ಭಯದಲ್ಲಿ ಬಾವಿಗೆ ನಡೆಯಬೇಕಾಗಿದೆ. ಮೊಬೈಲ್ ಸ್ಟಾರ್ಟರಿನ ನಿಜವಾದ ಪ್ರಯೋಜನವು ಇಲ್ಲಿಯೇ ಕಂಡುಬರುವುದು. ಇದು ಸಾಮಾನ್ಯವಾಗಿ ವೈಫೈಯಿಂದಲ್ಲ, ತನ್ನೊಳಗಿನ ಸಿಮ್ಮಿನಿಂದ ನಡೆಯುವುದು.

ಸ್ಟಾರ್ಟರು ಉತ್ತರ ಕೊಡದಿದ್ದರೆ ನೋಡತಕ್ಕ ಅಂಶಗಳು ಇವು:

(ಅ) ಸಿಮ್ಮಿನ ರೀಚಾರ್ಜಿನ ಅವಧಿಯು ಮುಗಿದಿರಬಹುದು.

(ಆ) ಸ್ಟಾರ್ಟರು ೨ಜಿ ಮಾತ್ರದ್ದಾಗಿರಬಹುದು. ಜಿಯೋ ಜಾಲದಲ್ಲಿ ೨ಜಿ ಇಲ್ಲದಿರುವುದರಿಂದ ಆ ಸಿಮ್ಮು ಇಂತಹ ಸ್ಟಾರ್ಟರಿನಲ್ಲಿ ನಡೆಯದು.

(ಇ) ಆ್ಯಂಟೆನಾವು ಕಬ್ಬಿಣದ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿರಬಹುದು, ಅದನ್ನು ಹೊರಗಿಡಬೇಕು.

(ಈ) ಸಿಮ್ಮಿಗೆ ಪಿನ್ ಬೀಗವಿರಬಹುದು, ಇಲ್ಲವೆ ಯಜಮಾನನ ನಂಬರು ಸ್ಟಾರ್ಟರಿನಲ್ಲಿ ದಾಖಲಾಗದಿರಬಹುದು.

ಮೂರು ಫೇಸುಗಳಲ್ಲಿ ಒಂದು ತಪ್ಪಿದರೂ, ಬಾವಿಯಲ್ಲಿ ನೀರು ತೀರಿದರೂ ಪಂಪನ್ನು ನಿಲ್ಲಿಸುವ ರಕ್ಷಣೆಯಿಲ್ಲದ ಸ್ಟಾರ್ಟರನ್ನು ಕೊಳ್ಳಲೇಬಾರದು. ಎದುರಿಗೆ ಮನುಷ್ಯನಿಲ್ಲದೆ ಓಡುವ ಮೋಟಾರು ಸುಟ್ಟುಹೋಗುವುದಕ್ಕೆ ಬಹಳ ಹೊತ್ತು ಬೇಕಾಗಿಲ್ಲ.

ವಿದ್ಯುತ್ತು ಬಂದೊಡನೆ ತಾನಾಗಿಯೇ ಪಂಪು ಹೊರಡುವ ಏರ್ಪಾಡಿನಲ್ಲಿ ಇನ್ನೊಂದು ತೊಡಕುಂಟು. ಊರಿನ ಪಂಪುಗಳೆಲ್ಲವೂ ಒಂದೇ ಕ್ಷಣದಲ್ಲಿ ಹೊರಟರೆ ಟ್ರಾನ್ಸ್‌ಫಾರ್ಮರಿನ ಮೇಲೆ ಅತಿಭಾರ ಬೀಳುವುದು. ಅದು ಸುಟ್ಟರೆ ಎಲ್ಲರ ಬೆಳೆಯೂ ಬಾಡುವುದು. ಒಂದೇ ಟ್ರಾನ್ಸ್‌ಫಾರ್ಮರಿನ ರೈತರನ್ನು ಮುಖಂಡರು ಕೂಡಿಸಿ, ಪ್ರತಿಯೊಂದು ಪಂಪಿಗೂ ಕೆಲವು ನಿಮಿಷಗಳ ಅಂತರವನ್ನು ನಿಗದಿಮಾಡುವುದು ಉಚಿತ. ನೆರೆಯ ತೆಲಂಗಾಣದಲ್ಲಿ ೨೦೧೮ರ ಜನವರಿ ೧ರಿಂದ ವ್ಯವಸಾಯಕ್ಕೆ ದಿನದ ೨೪ ಗಂಟೆಯೂ ವಿದ್ಯುತ್ತನ್ನು ಒದಗಿಸಿದಾಗ, ಅಂತರ್ಜಲವು ವ್ಯರ್ಥವಾಗಿ ಬರಿದಾಗದಂತೆ ಆಟೋ ಸ್ಟಾರ್ಟರುಗಳನ್ನು ತೆಗೆಯಬೇಕೆಂದು ಅಲ್ಲಿಯ ಸರ್ಕಾರವು ರೈತರನ್ನು ಕೇಳಿಕೊಂಡಿತು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಣರಕ್ಷಣೆ. ಒಬ್ಬನು ಬಾವಿಯ ಬಳಿ ಕೇಬಲನ್ನು ಮುಟ್ಟಿರುವಾಗ ಮತ್ತೊಬ್ಬನು ದೂರದ ಊರಿನಿಂದ ಅರಿಯದೆ ಪಂಪನ್ನು ಹೊರಡಿಸಬಲ್ಲನು. ಯಾರೂ ಮುಟ್ಟದಿದ್ದರೂ ತಾನಾಗಿಯೇ ಅದು ಹೊರಡಬಲ್ಲುದು. “ಹಾಕಬೇಡಿ” ಎಂದು ಫೋನಿನಲ್ಲಿ ಹೇಳಿಟ್ಟರೆ ಸಾಲದು. ಮೋಟಾರು, ಕೇಬಲು, ಸ್ಟಾರ್ಟರುಗಳಿಗೆ ಕೈಹಚ್ಚುವ ಮೊದಲು ಮೆಯಿನ್ ಸ್ವಿಚ್ಚನ್ನು ತೆಗೆದು, ಮೂರು ಫ್ಯೂಸುಗಳನ್ನೂ ಕಿತ್ತು, ಕೆಲಸ ಮಾಡುವವನು ಅವನ್ನು ತನ್ನ ಬಳಿಯೇ ಇಟ್ಟುಕೊಳ್ಳತಕ್ಕದ್ದು. ಸ್ಟಾರ್ಟರ್ ಪೆಟ್ಟಿಗೆಗೆ ಅರ್ತ್ ತಂತಿಯು ಸರಿಯಾಗಿರಬೇಕು. “ಈ ಪಂಪು ದೂರದಿಂದ ಹೊರಡುವುದು” ಎಂಬ ಫಲಕವನ್ನೂ ಅಲ್ಲಿ ಬರೆಸಿ ಹಾಕಬೇಕು.

೫. ಯಜಮಾನಿಕೆ ಮತ್ತು ಪಾಸ್‌ವರ್ಡು

ಅಳವಡಿಸಲು ಬಂದವನು ತನ್ನ ಫೋನಿನಲ್ಲಿಯೇ ಖಾತೆಯನ್ನು ತೆರೆದು ಹೊರಟುಹೋಗುವುದುಂಟು. ಕೆಲವು ಮನೆಗಳಲ್ಲಿ ಪಟ್ಟಣದಲ್ಲಿರುವ ಮಗನ ಹೆಸರಿನಲ್ಲಿ ಎಲ್ಲವೂ ಇರುವುದು. ಆಗ ಮನೆಯ ಕ್ಯಾಮೆರಾವನ್ನು ನೋಡುವ ಅಧಿಕಾರವೂ ಸಾಧನವನ್ನು ಸರಿಪಡಿಸುವ ಅಧಿಕಾರವೂ ಮನೆಯವರಿಗೆ ತಪ್ಪುವುವು. ಖಾತೆಯನ್ನು ಮನೆಯಲ್ಲಿ ವಾಸಿಸುವವರ ನಂಬರಿನಲ್ಲಿಯೇ ತೆರೆಯಿಸಿ, ಇತರರಿಗೆ ಪಾಲುಗಾರಿಕೆ ಮಾತ್ರ ಕೊಡುವುದು. ಸಾಧನದ ಹೆಸರು, ಖಾತೆಯ ನಂಬರು, ಕೊಂಡ ದಿನಾಂಕ ಇವನ್ನು ಒಂದು ಪುಸ್ತಕದಲ್ಲಿ ಬರೆದು ಜಮೀನಿನ ಕಾಗದಪತ್ರಗಳ ಜೊತೆಯಲ್ಲಿಡುವುದು.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಆ ದಿನವೇ ಬದಲಾಯಿಸಬೇಕು. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಹೀಗೆ ಬದಲಾಯಿಸದೆ ಬಿಟ್ಟಿದ್ದ ಅಸಂಖ್ಯಾತ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡು, ಅಮೆರಿಕದಲ್ಲಿ ಪ್ರಸಿದ್ಧ ಜಾಲತಾಣಗಳನ್ನು ಹಲವು ಗಂಟೆಗಳ ಕಾಲ ಸ್ತಬ್ಧಗೊಳಿಸಿತು.

ಒಟ್ಟಿನಲ್ಲಿ ಹೇಳತಕ್ಕುದೇನೆಂದರೆ, ವಿದ್ಯುತ್ತನ್ನು ಮೊದಲು ನೋಡುವುದು, ಸಂಕೇತವನ್ನು ಅನಂತರ ನೋಡುವುದು, ಖಾತೆಯನ್ನು ಮನೆಯಲ್ಲಿಟ್ಟುಕೊಳ್ಳುವುದು, ಕೈಯಿಂದ ನಡೆಸುವ ಸ್ವಿಚ್ಚನ್ನು ಎಂದಿಗೂ ತೆಗೆಸದಿರುವುದು. ಪಂಪಿರುವ ರೈತರು ಫ್ಯೂಸು ಕೀಳುವ ನಿಯಮವನ್ನು ತಮ್ಮ ಮಕ್ಕಳಿಗೂ ಕೂಲಿಯಾಳುಗಳಿಗೂ ಕಲಿಸಬೇಕು. ಮುಖಂಡರು ಈ ವಿಷಯವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿಸುವರೆಂದು ನಂಬಿರುತ್ತೇವೆ.